ಹಾಳುಬಿದ್ದ ಹಾದಿಯ ನಡಿಗೆ: ಅರ್ಥವೋ, ಅನರ್ಥವೋ?

ಕನ್ನಡದಲ್ಲಿ 'ನಡೆ' ಎಂಬ ಒಂದೇ ಪದಕ್ಕೆ ಕಾಲಿನ ನಡಿಗೆ ಎಂಬ ಅರ್ಥವೂ ಉಂಟು, ಬಾಳಿನ ನಡತೆ ಎಂಬ ಅರ್ಥವೂ ಉಂಟು. ಕೆಟ್ಟವನನ್ನು 'ದಾರಿ ತಪ್ಪಿದವನು' ಎನ್ನುತ್ತಾರೆ. ತಿದ್ದಿಕೊಂಡವನನ್ನು 'ದಾರಿಗೆ ಬಂದನು' ಎನ್ನುತ್ತಾರೆ. ಹೆಜ್ಜೆ ಇಡುವ ರೀತಿಗೂ ಬದುಕುವ ರೀತಿಗೂ ನಂಟಿದೆ ಎಂಬುದನ್ನು ಹಿರಿಯರು ಭಾಷೆಯಲ್ಲಿಯೇ ಅಡಗಿಸಿಟ್ಟಿದ್ದಾರೆ. ಮೋಕ್ಷಸಾಧನವನ್ನು ಜಿನಾಗಮವು 'ಮಾರ್ಗ' ಎಂದೇ ಕರೆದಿರುವುದು ಎಲ್ಲ ಶ್ರಾವಕ-ಶ್ರಾವಿಕೆಯರಿಗೂ ತಿಳಿದ ವಿಷಯ.

ಇತ್ತೀಚಿನ ವರ್ಷಗಳಲ್ಲಿ ದಸರಾ, ದೀಪಾವಳಿ ರಜೆಗಳು ಬಂದೊಡನೆ ನಗರಗಳ ಯುವಕ-ಯುವತಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ-ಕಾಡುಗಳತ್ತ ಹೊರಡುವುದು ರೂಢಿಯಾಗಿದೆ. ಇದಕ್ಕೆ ಟ್ರೆಕ್ಕಿಂಗ್ ಎಂದು ಹೆಸರು. ಅವರಲ್ಲಿ ಕೆಲವರಿಗೆ ಎಲ್ಲರೂ ಹೋಗುವ ದಾರಿ ರುಚಿಸದು. ಎಂದೋ ಜನ ಬಿಟ್ಟುಹೋದ, ಗುರುತು ಮಾಸಿದ ಹಾದಿಯನ್ನು ಹುಡುಕಿ, ಒಂದು ದಿನವೆಲ್ಲಾ ಅದರ ಬೆನ್ನುಹತ್ತಿ ಸಂಜೆಗೆ ಮರಳುವುದರಲ್ಲಿ ಅವರಿಗೆ ಆನಂದ. ನೋಡಿದರೆ ಇದು ನಿರುಪದ್ರವಿಯಾದ ವಿನೋದ. ಮದ್ಯವಿಲ್ಲ, ಜೂಜಿಲ್ಲ, ಪರರಿಗೆ ಕೇಡಿಲ್ಲ. ಆದರೂ ವಿವೇಕಿಯಾದವನು ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಮನುಷ್ಯ ಬಿಟ್ಟುಹೋದ ಹಾದಿ ಇನ್ನೂ ಮನುಷ್ಯನದೇ? ಅದರಲ್ಲಿ ಮತ್ತೆ ಕಾಲಿಡಲು ಅವನಿಗೆ ಅಧಿಕಾರವಿದೆಯೇ? ಇದ್ದರೆ ಯಾವ ಷರತ್ತಿನ ಮೇಲೆ?

ಗಡಿಯ ಸೀಮೆ, ಮಾಸಿದ ಹಾದಿ

ಈ ಪ್ರಶ್ನೆಯನ್ನು ಆಲೋಚಿಸಲು ಗುಮ್ಮಳಾಪುರದ ಸೀಮೆಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ತಳಿಯ ಸಮೀಪ, ಕರ್ನಾಟಕದ ಗಡಿಗೆ ಹತ್ತಿರವಿರುವ ಊರು ಇದು. ಕನ್ನಡ ಸಾಹಿತ್ಯ ಬಲ್ಲವರಿಗೆ ಈ ಊರಿನ ಹೆಸರು ಹೊಸದಲ್ಲ. ಶೂನ್ಯಸಂಪಾದನೆಯನ್ನು ಸಂಕಲಿಸಿದ ನಾಲ್ವರಲ್ಲಿ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳೂ ಒಬ್ಬರು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಆಧಾರದ ಮೇಲೆ ಪುನರ್ವಿಂಗಡಣೆಯಾದಾಗ ಈ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಮನೆಮಾತು ಬದಲಾಗಲಿಲ್ಲ.

ಮೋಟಾರು ಬಸ್ಸು ಬರುವುದಕ್ಕೆ ಮುಂಚೆ ಇಂಥ ಗಡಿಸೀಮೆಯ ವ್ಯವಹಾರವೆಲ್ಲಾ ಕಾಲುದಾರಿ, ಬಂಡಿದಾರಿಗಳ ಮೇಲೆಯೇ ನಡೆಯುತ್ತಿತ್ತು. ರಾಗಿ, ಹುಣಸೆಹಣ್ಣು, ಹುಚ್ಚೆಳ್ಳು, ಸೀಗೆಕಾಯಿ ಎತ್ತಿನ ಬೆನ್ನಿನ ಮೇಲೆ, ಬಂಡಿಯಲ್ಲಿ, ಹೆಂಗಸರ ತಲೆಹೊರೆಯಲ್ಲಿ ಸಂತೆಯಿಂದ ಸಂತೆಗೆ ಹೋಗುತ್ತಿದ್ದವು. ಮದುವೆಯ ದಿಬ್ಬಣವೂ ಅದೇ ದಾರಿ, ಸಾವಿನ ಸುದ್ದಿಯೂ ಅದೇ ದಾರಿ. ರಸ್ತೆಗೆ ಡಾಂಬರು ಬಂದ ಮೇಲೆ ಜನ ಸುತ್ತುದಾರಿಯಾದರೂ ಬಸ್ಸನ್ನೇ ಹಿಡಿದರು. ಕಾಡಂಚಿನ ಹಾದಿಗಳು ಒಂದೊಂದಾಗಿ ಅನಾಥವಾದವು.

ಹಾದಿ ಒಂದೇ ದಿನದಲ್ಲಿ ಸಾಯುವುದಿಲ್ಲ. ಮೊದಲ ಮಳೆಗಾಲದಲ್ಲಿ ನಡುವೆ ಹುಲ್ಲು ಬರುತ್ತದೆ. ಮರುವರ್ಷ ತಂಗಡಿಯೂ ಜಾಲಿಯೂ ಅಂಚಿನಿಂದ ಒಳಕ್ಕೆ ಸರಿಯುತ್ತವೆ. ನಂತರ ಲಂಟಾನ ಪೊದೆ ಎರಡೂ ಕಡೆಯಿಂದ ಕೈಚಾಚಿ ಮೇಲೆ ಚಪ್ಪರ ಹಾಕುತ್ತದೆ. ಗೆದ್ದಲು ನಡುಹಾದಿಯಲ್ಲಿ ಹುತ್ತ ಕಟ್ಟುತ್ತದೆ. ಆದರೂ ಬಲ್ಲ ಕಣ್ಣಿಗೆ ಗುರುತು ಪೂರಾ ಅಳಿಯುವುದಿಲ್ಲ. ಬಂಡೆಯ ಮೇಲೆ ಗಾಡಿಯ ಚಕ್ರ ಕೊರೆದ ಎರಡು ಸಮಗೆರೆಗಳು, ಸಾಲಾಗಿ ನಿಂತ ಮುದಿ ಹುಣಸೆಮರಗಳು, ತಲೆಹೊರೆ ಇಳಿಸಲೆಂದು ಆಳೆತ್ತರಕ್ಕೆ ಎರಡು ಕಲ್ಲು ನೆಟ್ಟು ಮೇಲೊಂದು ಅಡ್ಡಗಲ್ಲು ಇಟ್ಟ ಕಟ್ಟೆ ಕಣ್ಣಿಗೆ ಬೀಳುತ್ತವೆ. ಈ ಕಲ್ಲನ್ನು ತಮಿಳಿನಲ್ಲಿ ಸುಮೈತಾಂಗಿ ಎನ್ನುವರು. ಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಸರಿಸಿ ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಬಹುದಾಗಿತ್ತು. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಇಂಥ ಕಲ್ಲು ನೆಡಿಸುವ ಪದ್ಧತಿ ತಮಿಳುನಾಡಿನಲ್ಲಿತ್ತು. ಹೊರೆ ಇಳಿಸಲಾಗದೆ ಹೋದ ಜೀವದ ಹೆಸರಿನಲ್ಲಿ ಇತರರ ಹೊರೆಯನ್ನು ಇಳಿಸುವ ಈ ಭಾವನೆ ಎಷ್ಟು ಉದಾತ್ತವಾದುದು! ಕೃಷ್ಣಗಿರಿ ಜಿಲ್ಲೆಯಲ್ಲಿ ವೀರಗಲ್ಲುಗಳೂ ಹೇರಳವಾಗಿವೆ. ದನಕರುಗಳನ್ನು, ಊರನ್ನು ಕಾಯುತ್ತಾ ಮಡಿದವರ ಕಲ್ಲುಗಳು ಇಂದು ಪೊದೆಗಳ ನಡುವೆ ನಿಂತಿವೆ.

ಕಾನೂನಿನ ಲೆಕ್ಕ

ಬಳಸದ ಹಾದಿಯ ವಿಷಯದಲ್ಲಿ ಲೋಕದ ಕಾನೂನು ಏನೆನ್ನುತ್ತದೆ ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ಒಮ್ಮೆ ಸಾರ್ವಜನಿಕ ದಾರಿಯಾದದ್ದು ಎಂದೆಂದಿಗೂ ಸಾರ್ವಜನಿಕ ದಾರಿಯೇ ಎಂಬ ನ್ಯಾಯಸೂತ್ರವಿದೆ. ಜನ ಓಡಾಡದಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಭಾರತದಲ್ಲಿ ಒಬ್ಬನ ಜಮೀನಿನ ಮೇಲೆ ಇನ್ನೊಬ್ಬನಿಗೆ ಇರುವ ದಾರಿಯ ಹಕ್ಕಿನ ಬಗ್ಗೆ 1882ರ ಈಸ್‌ಮೆಂಟ್ ಕಾಯಿದೆಯ ನಿಯಮ ಬೇರೆ. 20 ವರ್ಷ ನಿರಂತರವಾಗಿ, ನಿರಾತಂಕವಾಗಿ ಬಳಸಿದರೆ ಹಕ್ಕು ಹುಟ್ಟುತ್ತದೆ. 20 ವರ್ಷ ಪೂರಾ ಬಳಸದೆ ಬಿಟ್ಟರೆ ನಂದಿಹೋಗುತ್ತದೆ. ಆರಂಭದಲ್ಲಿಯೇ ಈ ಕಾಯಿದೆ ಅನ್ವಯವಾದ ಪ್ರಾಂತಗಳಲ್ಲಿ ಮದರಾಸೂ ಒಂದು.

ಅದೇ 1882ರಲ್ಲಿ ಮದರಾಸು ಅರಣ್ಯ ಕಾಯಿದೆಯೂ ಬಂದಿತು. ಕಾಡನ್ನು ಮೀಸಲು ಅರಣ್ಯವೆಂದು ಘೋಷಿಸುವ ಮುಂಚೆ ಅದರಲ್ಲಿ ಯಾರಿಗೆ ದಾರಿಯ ಹಕ್ಕಿದೆ, ಮೇವಿನ ಹಕ್ಕಿದೆ ಎಂದು ಅಧಿಕಾರಿಯೊಬ್ಬರು ವಿಚಾರಿಸಿ ತೀರ್ಮಾನಿಸುವ ಏರ್ಪಾಡು ಅದರಲ್ಲಿತ್ತು. ಬಂದು ಕೇಳದವರ ಹಕ್ಕು ಅಲ್ಲಿಗೆ ಮುಗಿಯಿತು. ಅಕ್ಷರ ಬಾರದ ಬಡವರು ಎಷ್ಟು ಮಂದಿ ಬಂದು ಕೇಳಿರಬಹುದೆಂಬುದನ್ನು ಓದುಗರೇ ಊಹಿಸಬಹುದು. ಆದ್ದರಿಂದ ಕಾಡಿನ ಎಲ್ಲ ಹಾದಿಗಳೂ ಹಾಳುಬಿದ್ದವು ಎಂದು ಸಾರಾಸಗಟಾಗಿ ಹೇಳುವುದು ನ್ಯಾಯವಲ್ಲ. ಬೆಟ್ಟದ ಹಾಡಿಗಳಲ್ಲಿ ಇಂದಿಗೂ ವಾಸಿಸುವ ಇರುಳಿಗರಂಥ ಜನರಿಗೆ ಪೇಟೆಯವನ ಕಣ್ಣಿಗೆ ಮಾಸಿದ ಹಾದಿ ಎಂದು ತೋರುವುದು ದಿನನಿತ್ಯದ ಮನೆದಾರಿ. ಅವರ ಮಾತು ಬೇರೆ. ಇಲ್ಲಿ ವಿಚಾರಿಸುತ್ತಿರುವುದು ಅಗತ್ಯವಿಲ್ಲದೆ, ಸಂತೋಷಕ್ಕಾಗಿ ಹೋಗುವ ಹೊರಗಿನವನ ಮಾತನ್ನು.

ಕಾನೂನು ಮನುಷ್ಯ-ಮನುಷ್ಯರ ನಡುವಿನ ಹಕ್ಕನ್ನು ತೂಗುತ್ತದೆ. ಹಾದಿಯಲ್ಲಿ ಬೆಳೆದ ಹುಲ್ಲು, ಹುತ್ತ ಕಟ್ಟಿದ ಗೆದ್ದಲು, ಬಲೆ ನೇಯ್ದ ಜೇಡ ಇವು ಯಾವ ಕಚೇರಿಗೂ ಅರ್ಜಿ ಹಾಕುವುದಿಲ್ಲ. ಅವುಗಳ ಪಾಲನ್ನು ತೂಗಲು ಬೇರೆ ತಕ್ಕಡಿ ಬೇಕು.

ಮುನಿಯ ಹಾದಿ, ಗೃಹಸ್ಥನ ಹಾದಿ

ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ. ಹಗಲಿನಲ್ಲಿ, ಸೂರ್ಯನ ಬೆಳಕು ಚೆನ್ನಾಗಿ ಬಿದ್ದ ಮೇಲೆ, ತಕ್ಕ ಕಾರ್ಯಕ್ಕಾಗಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಾ, ಪ್ರಾಸುಕ ಮಾರ್ಗದಲ್ಲಿ ನಡೆಯಬೇಕೆಂಬುದು ಅದರ ತಾತ್ಪರ್ಯ. ಪ್ರಾಸುಕ ಮಾರ್ಗವೆಂದರೆ ಬಂಡಿ, ದನ, ಜನ ಓಡಾಡಿ ಸವೆದ, ಬಿಸಿಲಿಗೆ ಕಾದ, ಸೂಕ್ಷ್ಮಜೀವಿಗಳು ಬೀಡುಬಿಟ್ಟಿರದ ದಾರಿ. ಲೋಕವೆಲ್ಲಾ ತುಳಿದ ಹಾದಿಯನ್ನು ರಸಿಕರು ನೀರಸವೆಂದು ಹಳಿಯುತ್ತಾರೆ. ಮುನಿಗಳಿಗಾದರೋ ಅದೇ ನಿರ್ಮಲ. ರಸಿಕರಿಗೆ ಪ್ರಿಯವಾದ ಹಸಿರು ತುಂಬಿದ, ಯಾರೂ ತುಳಿಯದ ಹಾದಿ ಮುನಿಗಳಿಗೆ ವರ್ಜ್ಯ.

ಋತುವಿನ ವಿಷಯದಲ್ಲಿಯೂ ಹೀಗೆಯೇ. ಆಷಾಢದಿಂದ ಕಾರ್ತಿಕದವರೆಗೆ ಮುನಿಸಂಘವು ಒಂದೆಡೆ ನೆಲೆನಿಂತು ಚಾತುರ್ಮಾಸವನ್ನು ಆಚರಿಸುತ್ತದೆ. ಮಳೆ ಬಿದ್ದ ನೆಲದಲ್ಲಿ ಮೊಳಕೆ, ಹುಳು, ಕ್ರಿಮಿಗಳು ತುಂಬಿ, ಕಾಲಿಟ್ಟಲ್ಲೆಲ್ಲಾ ಜೀವವಿರುವುದೇ ಇದಕ್ಕೆ ಕಾರಣ. ಆಶ್ವಯುಜದಲ್ಲಿ ಮೋಡ ಸರಿದು ಆಕಾಶ ತಿಳಿಯಾದಾಗ, ಹುಚ್ಚೆಳ್ಳಿನ ಹೊಲ ಹಳದಿಯಾಗಿ ಅರಳಿದಾಗ, ನಗರದವನು 'ಈಗ ನೆಲವೆಲ್ಲಾ ಜೀವಕಳೆಯಿಂದ ತುಂಬಿದೆ, ಹೋಗೋಣ' ಎನ್ನುತ್ತಾನೆ. ಅದೇ ದಿನ ಮುನಿಗಳು 'ನೆಲವೆಲ್ಲಾ ಜೀವದಿಂದ ತುಂಬಿದೆ, ಹೋಗಬಾರದು' ಎಂದು ಕುಳಿತಿರುತ್ತಾರೆ. ಇಬ್ಬರೂ ಕಂಡ ಸತ್ಯ ಒಂದೇ, ಅದರಿಂದ ಹೊರಟ ತೀರ್ಮಾನ ಮಾತ್ರ ಎರಡು.

ತಮಿಳಿನ ಶಿಲಪ್ಪದಿಕಾರದಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಕೋವಲನ್ ಮತ್ತು ಕಣ್ಣಗಿ ಪುಹಾರ್ ನಗರವನ್ನು ಬಿಟ್ಟು ಮಧುರೆಗೆ ಹೊರಟಾಗ ಕವುಂದಿ ಎಂಬ ಜೈನ ಆರ್ಯಿಕೆ ಅವರ ಜೊತೆಗೂಡುತ್ತಾಳೆ. ಹೊರಡುವಾಗ ಆಕೆ ದಾರಿಯ ಕಷ್ಟಗಳನ್ನು ವಿವರಿಸುತ್ತಾಳೆ. ತೋಪುಗಳ ಮೂಲಕ ಹೋದರೆ ಗೆಡ್ಡೆ ಅಗೆದ ಗುಂಡಿಗಳು ಹೂವು ಉದುರಿ ಮುಚ್ಚಿಹೋಗಿರುತ್ತವೆ. ಗದ್ದೆಯ ಮೂಲಕ ಹೋದರೆ ಏಡಿ, ಬಸವನಹುಳುಗಳು ಕಾಲಡಿಗೆ ಸಿಕ್ಕಿ ನೋಯುವ ಭಯ. ಕಳ್ಳರ ಭಯಕ್ಕಿಂತ, ಮೃಗಗಳ ಭಯಕ್ಕಿಂತ, ತನ್ನ ಕಾಲಿನಿಂದ ಇತರ ಜೀವಕ್ಕಾಗುವ ನೋವಿನ ಭಯವೇ ಆಕೆಗೆ ದೊಡ್ಡದು. ಹಾಗೆಂದು ಆಕೆ ಹೊರಡದೆ ಉಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಭಯವನ್ನು ಜೊತೆಗಿಟ್ಟುಕೊಂಡು, ನೆಲ ನೋಡುತ್ತಾ ನಡೆದಳು.

ಆಕ್ಷೇಪ ಮತ್ತು ಸಮಾಧಾನ

ಗೃಹಸ್ಥನಿಗೆ ಮುನಿಯ ಮಹಾವ್ರತವಿಲ್ಲ, ಅಣುವ್ರತವಷ್ಟೇ. ಆದರೆ ಅಣುವ್ರತಗಳ ಜೊತೆಗೆ ಗುಣವ್ರತಗಳೂ ಇವೆ. ದಿಗ್ವ್ರತವೆಂದರೆ ಯಾವ ದಿಕ್ಕಿನಲ್ಲಿ ಎಷ್ಟು ದೂರ ಹೋಗಬೇಕೆಂದು ಬಾಳಿಗೆಲ್ಲಾ ಮಿತಿ ಹಾಕಿಕೊಳ್ಳುವುದು. ದೇಶವ್ರತವೆಂದರೆ ಆ ಮಿತಿಯನ್ನು ಇಂತಿಷ್ಟು ಕಾಲಕ್ಕೆಂದು ಇನ್ನೂ ಕಿರಿದುಗೊಳಿಸುವುದು. ಅನರ್ಥದಂಡವ್ರತವೆಂದರೆ ಪ್ರಯೋಜನವಿಲ್ಲದ ಪಾಪಕ್ರಿಯೆಯನ್ನು ಬಿಡುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಭೇದವಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ಸುಮ್ಮನೆ ನೆಲ ಅಗೆಯುವುದು, ಸುಮ್ಮನೆ ಗಿಡ ಕಡಿಯುವುದು ಇವುಗಳ ಸಾಲಿನಲ್ಲಿಯೇ ಸುಮ್ಮನೆ ತಿರುಗಾಡುವುದನ್ನೂ, ಇತರರನ್ನು ತಿರುಗಾಡಿಸುವುದನ್ನೂ ಸೇರಿಸಿದ್ದಾರೆ.

ಹಾಗಾದರೆ ಒಂದು ದಿನದ ಕಾಡುನಡಿಗೆ ಅನರ್ಥದಂಡವೇ? ವ್ಯಾಪಾರಿಯ ಲೆಕ್ಕದಲ್ಲಿ ನೋಡಿದರೂ ಮೊತ್ತ ಸಣ್ಣದಲ್ಲ. ಒಂದು ಕಿಲೋಮೀಟರಿಗೆ ಸುಮಾರು 1,400 ಹೆಜ್ಜೆಯೆಂದರೆ, 12 ಕಿಲೋಮೀಟರಿಗೆ 16,800 ಹೆಜ್ಜೆ. ಒಂದೊಂದು ಹೆಜ್ಜೆಯೂ ಯಾವುದೋ ಜೀವದ ಮನೆಬಾಗಿಲ ಮೇಲೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. 'ಹೀಗೆ ಎಣಿಸುತ್ತಾ ಹೋದರೆ ಮನುಷ್ಯ ಮನೆಯಿಂದ ಹೊರಗೆ ಬರುವಂತಿಲ್ಲ. ಮೋಟಾರಿನಲ್ಲಿ ಹೆದ್ದಾರಿಯ ಮೇಲೆ ಹೋಗುವವನ ಗಾಜಿಗೆ ಬಡಿದು ಸಾಯುವ ಕೀಟಗಳೆಷ್ಟು? ಅದಕ್ಕಿಂತ ನಡಿಗೆಯೇ ಮೇಲಲ್ಲವೇ? ಕಾಡನ್ನು ಕಾಣದ ಮಕ್ಕಳು ಕಾಡನ್ನು ಕಾಯುತ್ತಾರೆಯೇ? ಹಳೆಯ ಹಾದಿಯಲ್ಲಿ ಯಾರೂ ಹೋಗದಿದ್ದರೆ ಪೂರ್ವಿಕರ ನೆನಪು ಉಳಿಯುವುದು ಹೇಗೆ?' ಆಕ್ಷೇಪದಲ್ಲಿ ತಿರುಳಿದೆ. ಈ ನಾಡಿಗೆ ಧರ್ಮ ಬಂದದ್ದೇ ಕಾಲ್ನಡಿಗೆಯಲ್ಲಿ. ಭದ್ರಬಾಹು ಸ್ವಾಮಿಗಳೊಡನೆ 12,000 ಮುನಿಗಳ ಸಂಘ ಉತ್ತರದಿಂದ ನಡೆದು ಬಂದಿತೆಂದೂ, ಸ್ವಾಮಿಗಳು ಕಳ್ಬಪ್ಪುವಿನಲ್ಲಿ ನಿಂತ ಮೇಲೆ ಸಂಘವು ವಿಶಾಖಾಚಾರ್ಯರೊಡನೆ ಇನ್ನೂ ದಕ್ಷಿಣಕ್ಕೆ ಸಾಗಿತೆಂದೂ ಪರಂಪರೆ ಹೇಳುತ್ತದೆ. ಕ್ರಿ.ಶ. 893ರಲ್ಲಿ, ನೊಳಂಬ ಮಹೇಂದ್ರನ ಕಾಲದಲ್ಲಿ, ತಗಡೂರಿನಲ್ಲಿ ಅಂದರೆ ಇಂದಿನ ಧರ್ಮಪುರಿಯಲ್ಲಿ, ನಿಧಿಯಣ್ಣ ಮತ್ತು ಚಂಡಿಯಣ್ಣ ಎಂಬ ಶ್ರೇಷ್ಠಿಪುತ್ರರು ಬಸದಿ ಕಟ್ಟಿಸಿದ ಸಂಗತಿ ಅಲ್ಲಿಯ ಕನ್ನಡ ಶಾಸನದಲ್ಲಿದೆ. ಆ ಮುನಿಗಳು, ಆ ವರ್ತಕರು ನಡೆದ ದಾರಿಗಳನ್ನು ಇಂದು ಯಾರೂ ಬೆರಳಿಟ್ಟು ತೋರಿಸಲಾರರು.

ಸಮಾಧಾನವೇನೆಂದರೆ, ಅನರ್ಥವೆಂಬುದು ಕ್ರಿಯೆಯಲ್ಲಿ ಮಾತ್ರವಿಲ್ಲ, ಪ್ರಮಾದದಲ್ಲಿದೆ. ಮೈಮರೆವಿನಿಂದ ಆಗುವ ಪ್ರಾಣಹಾನಿಯನ್ನೇ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವಾಗಿ ಹೇಳಿದೆ. ಆದುದರಿಂದ ವಿಚಾರಿಸಬೇಕಾದದ್ದು ಎರಡು. ನಡೆಯುವವನು ಏನನ್ನು ಪಡೆಯಲು ಹೋಗುತ್ತಾನೆ? ಮತ್ತು ಅದರ ಬೆಲೆಯನ್ನು ಯಾರು ತೆರುತ್ತಾರೆ? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳಿಕೊಳ್ಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ.

ಒಂದು ದೃಷ್ಟಾಂತ

ವಿಷಯ ಸ್ಪಷ್ಟವಾಗಲೆಂದು ಇಬ್ಬರು ನಡೆಯುವವರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬರು ಅಂಗಡಿಯಲ್ಲಿ ಬಾಳು ಸವೆಸಿದ ಹಿರಿಯರು; ಇನ್ನೊಬ್ಬನು ಕಾಲೇಜಿನಲ್ಲಿ ಓದುವ ಮೊಮ್ಮಗ. ದೀಪಾವಳಿಗೆ ಮುಂಚಿನ ಒಂದು ದಿನ ಇಬ್ಬರೂ ಗುಮ್ಮಳಾಪುರದ ಹೊರಗೆ, ರಾಗಿಹೊಲಗಳನ್ನು ದಾಟಿ, ಕುರುಚಲು ಕಾಡಿನ ಅಂಚಿನ ಹಳೆಯ ಬಂಡಿದಾರಿಯನ್ನು ಹಿಡಿಯುತ್ತಾರೆ. ಇಬ್ಬನಿ ಇನ್ನೂ ಆರಿಲ್ಲ. ಹಾದಿಗೆ ಅಡ್ಡಲಾಗಿ ಜೇಡರಬಲೆಗಳು ಮಣಿ ಪೋಣಿಸಿದಂತೆ ಹೊಳೆಯುತ್ತಿವೆ. ಈ ದಾರಿಯಲ್ಲಿ ಇಂದು ಯಾರೂ ಬಂದಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಮೊಮ್ಮಗ ಬಲೆಯನ್ನು ಕೋಲಿನಿಂದ ಬಿಡಿಸಿ ಮುನ್ನುಗ್ಗುತ್ತಾನೆ. ಹಿರಿಯರು ಬಲೆಯ ಪಕ್ಕದಲ್ಲಿ ಬಗ್ಗಿ ದಾಟುತ್ತಾರೆ. ಒಂದೆರಡು ಬಾರಿ ಹೀಗಾದ ಮೇಲೆ ಮೊಮ್ಮಗನೂ ಬಗ್ಗಲು ಕಲಿಯುತ್ತಾನೆ. ಮಾತಿಲ್ಲದೆ ಒಂದು ಪಾಠವಾಯಿತು.

ಒಂದು ಕಡೆ ಗಾಡಿಜಾಡು ಕಾಣದಾಗುತ್ತದೆ. ಮೊಮ್ಮಗ ದೂರದಲ್ಲಿ ದಾರಿ ಹುಡುಕುತ್ತಾನೆ, ಸಿಗುವುದಿಲ್ಲ. ಹಿರಿಯರು ಕಾಲ ಬುಡದ ನೆಲವನ್ನೇ ನೋಡುತ್ತಾರೆ. ಸುತ್ತಲ ಮಣ್ಣು ಸಡಿಲ, ಜಾಡಿನ ಮಣ್ಣು ಮಾತ್ರ ಗಟ್ಟಿ. ಅಲ್ಲಿಯ ಹುಲ್ಲು ಕುಳ್ಳು. ಮಾಸಿದ ಹಾದಿ ದೂರ ನೋಡುವವನಿಗೆ ದಕ್ಕುವುದಿಲ್ಲ, ನಾಲ್ಕು ಮೊಳ ನೋಡುವವನಿಗೆ ದಕ್ಕುತ್ತದೆ. ಜೀವದಯೆಗಾಗಿ ಹಿರಿಯರು ಹೇಳಿದ ನೋಟವೂ, ದಾರಿ ತಪ್ಪದಿರಲು ಬೇಕಾದ ನೋಟವೂ ಇಲ್ಲಿ ಒಂದೇ ಆಗಿಬಿಡುತ್ತದೆ.

ಹನ್ನೊಂದು ಗಂಟೆಯ ಹೊತ್ತಿಗೆ ಹೊರೆಗಲ್ಲಿನ ಬಳಿ ದನ ಕಾಯುವವನೊಬ್ಬ ಎದುರಾಗುತ್ತಾನೆ.

'ಯಜಮಾನ್ರೇ, ಎಲ್ಲಿಗೆ ಹೊರಟಿದ್ದೀರಿ?'

'ಹಿಂಗೇ, ಹಳೇ ದಾರಿ ಎಲ್ಲಿವರೆಗೆ ಹೋಗ್ತದೆ ಅಂತ ನೋಡೋಣ ಅಂತ ಬಂದ್ವಪ್ಪಾ.'

'ಸಾಕು ಸ್ವಾಮಿ, ಇಲ್ಲಿಂದ ಮುಂದಕ್ಕೆ ಬೇಡಿ. ರಾತ್ರಿ ಆನೆ ಇಳ್ದವೆ. ಅಗೋ ಆ ಬಿದಿರು ಮುರಿದಿರೋದು ನೋಡಿ, ಹಸೀದು. ಮರಿ ಬೇರೆ ಜೊತೇಲಿದೆ.'

ಹಿರಿಯರು ಅಲ್ಲಿಯೇ ನಿಲ್ಲುತ್ತಾರೆ. ಮೊಮ್ಮಗನ ಮುಖ ಬಾಡುತ್ತದೆ. 'ತಾತ, ಇಷ್ಟು ದೂರ ಬಂದು ಸುಮ್ಮನೆ ವಾಪಸ್ಸಾ?' ಎನ್ನುತ್ತಾನೆ.

'ಅಂಗಡಿಗೆ ಬಂದ ಗಿರಾಕಿ ಸರಕು ಕೊಳ್ಳದೇ ಹೋದರೂ ಬೆಲೆ ತಿಳ್ಕೊಂಡು ಹೋಗ್ತಾನಪ್ಪಾ. ಅದೂ ವ್ಯಾಪಾರವೇ. ಬೆಲೆ ನಮ್ಮ ಕೈಗೆ ಮೀರಿದ್ದು ಅಂತ ಗೊತ್ತಾಯಿತಲ್ಲ, ಸಾಕು' ಎಂದು ಹಿರಿಯರು ಹೇಳುತ್ತಾರೆ.

ಬೆಲೆ ತೆರುವವರು ಯಾರು?

ದನಗಾಹಿಯ ಮಾತು ಕಲ್ಪನೆಯದಾದರೂ ಅದರ ಹಿಂದಿನ ಸಂಗತಿ ಕಲ್ಪನೆಯಲ್ಲ. ಪ್ರತಿವರ್ಷ ಮಳೆಗಾಲ ಕಳೆದು ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟ ಮತ್ತು ಕಾವೇರಿ ಕಣಿವೆಯ ಕಡೆಯಿಂದ ಆನೆಗಳ ಹಿಂಡುಗಳು ತಳಿ, ಜವಳಗಿರಿ, ಡೆಂಕಣಿಕೋಟೆಯ ಕಾಡುಗಳಿಗೆ ಬರುತ್ತವೆ. ಹಿಂಡನ್ನು ನಡೆಸುವ ಮುದಿ ಹೆಣ್ಣಾನೆಗೆ ನೀರು, ಮೇವಿನ ದಾರಿಗಳು ನೆನಪಿರುತ್ತವೆ. ಮನುಷ್ಯರು ಮಾಡಿದ ರಾಜ್ಯದ ಗಡಿ ಅದಕ್ಕೆ ತಿಳಿಯದು. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಮನುಷ್ಯರು ಬಿಟ್ಟ ಹಾದಿಯಲ್ಲಿ ಆನೆ ನಡೆಯುವುದೂ, ಆನೆಯ ಹಾದಿಯನ್ನೇ ಹಿಂದೆ ಮನುಷ್ಯರು ಬಂಡಿದಾರಿಯಾಗಿ ಮಾಡಿಕೊಂಡದ್ದೂ ಅಪರೂಪವಲ್ಲ. ಸರ್ಕಾರವೂ ಇಲ್ಲಿಯ ಕಾಡುಗಳಿಗೆ ರಕ್ಷಣೆ ಕೊಟ್ಟಿದೆ. 2014ರಲ್ಲಿ ಸುಮಾರು 504 ಚದರ ಕಿಲೋಮೀಟರಿನ ಕಾವೇರಿ ಉತ್ತರ ವನ್ಯಜೀವಿಧಾಮವೂ, 2022ರಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಜೀವಿಧಾಮವೂ ಘೋಷಿತವಾದವು.

ಈಗ ಲೆಕ್ಕ ಹಾಕಬೇಕು. ಹೊರಗಿನವನೊಬ್ಬ ಗದ್ದಲ ಮಾಡುತ್ತಾ ಪೊದೆಯೊಳಗೆ ನುಗ್ಗುತ್ತಾನೆ. ಮರಿಯಿರುವ ಹಿಂಡು ಬೆದರುತ್ತದೆ, ದಿಕ್ಕು ಬದಲಿಸುತ್ತದೆ, ರಾತ್ರಿ ರಾಗಿಹೊಲಕ್ಕೆ ಇಳಿಯುತ್ತದೆ. ಒಂದು ವರ್ಷದ ಅನ್ನವನ್ನು ಕಳೆದುಕೊಳ್ಳುವವನು ರೈತ. ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕಾಯುವವನೂ, ಕತ್ತಲಲ್ಲಿ ಆನೆಗೆ ಎದುರಾಗಿ ಪ್ರಾಣ ಬಿಡುವವನೂ ಅವನೇ. ನಡೆದವನಾದರೋ ಸಂಜೆಯ ಬಸ್ಸಿನಲ್ಲಿ ಮನೆ ಸೇರಿರುತ್ತಾನೆ. ಅವನಿಗೆ ಏನೂ ತಿಳಿಯುವುದಿಲ್ಲ. ತಾನು ನಿರಪರಾಧಿ ಎಂದೇ ನಂಬಿರುತ್ತಾನೆ. ಒಬ್ಬನ ವಿನೋದದ ಖರ್ಚನ್ನು ಅವನಿಗೇ ತಿಳಿಯದಂತೆ ಇನ್ನೊಬ್ಬನ ಖಾತೆಗೆ ಬರೆಯುವುದಾಯಿತು. ಅಂಗಡಿಯ ಲೆಕ್ಕದಲ್ಲಿ ಇಂಥದ್ದನ್ನು ವಂಚನೆ ಎನ್ನುತ್ತಾರೆ. ಕಾಡಿನ ಲೆಕ್ಕದಲ್ಲಿ ಅದಕ್ಕೆ ಹೆಸರಿಲ್ಲದಿರುವುದು ಸಾಕ್ಷಿಗಳಿಗೆ ಬಾಯಿಲ್ಲದ ಕಾರಣದಿಂದ ಮಾತ್ರ.

ಇದಕ್ಕಿಂತ ಘೋರವಾದದ್ದೂ ಉಂಟು. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಕ್ಕೆ ಹೋದವರಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣದ ನಿಯಂತ್ರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ 14 ಜಿಲ್ಲೆಗಳ 40 ದಾರಿಗಳನ್ನು ಗೊತ್ತುಮಾಡಿ, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಗಳ ಜೊತೆಯಲ್ಲಿ ಕರೆದೊಯ್ಯುವ ಯೋಜನೆಯನ್ನೂ ಆರಂಭಿಸಿತು. ಮೀಸಲು ಅರಣ್ಯದೊಳಕ್ಕೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಅನುಮತಿ ಕೇಳುವುದನ್ನು ಯುವಕರು ಅಡ್ಡಿಯೆಂದು ಭಾವಿಸುತ್ತಾರೆ. ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ನಿಂತು 'ಒಳಗೆ ಬರಬಹುದೇ?' ಎಂದು ಕೇಳುವುದು ಅಡ್ಡಿಯಲ್ಲ, ಮರ್ಯಾದೆ.

ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು

ದೃಷ್ಟಾಂತದ ಮೊಮ್ಮಗನು ಊರಿಗೆ ಮರಳುವ ದಾರಿಯಲ್ಲಿ ಇನ್ನೊಂದು ಆಸೆಯನ್ನು ಮುಂದಿಡಬಹುದು. ಕೈಫೋನಿನಲ್ಲಿ ನಡೆದ ದಾರಿಯ ಗೆರೆ ತಾನಾಗಿ ದಾಖಲಾಗಿದೆ; ಅದನ್ನು ಹೊರೆಗಲ್ಲಿನ ಚಿತ್ರದೊಡನೆ ಗೆಳೆಯರಿಗೆಲ್ಲಾ ಹಂಚಿದರೇನು? ಒಳ್ಳೆಯ ವಸ್ತುವನ್ನು ಹಂಚಿಕೊಳ್ಳುವುದು ಔದಾರ್ಯವೇ ಅಲ್ಲವೇ?

ಇಲ್ಲಿ ಹಿರಿಯರ ಹಳೆಯ ವಿಂಗಡಣೆ ಇಂದಿನ ಕಾಲಕ್ಕೂ ಸರಿಹೊಂದುತ್ತದೆ. ಪಾಪ-ಪುಣ್ಯಗಳಿಗೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿವೆ: ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ತಾನೊಬ್ಬನೇ 16,800 ಹೆಜ್ಜೆ ಇಟ್ಟದ್ದು ಕೃತ. ದಾರಿಯ ಗುರುತು ಹಂಚಿ ನೂರು ಮಂದಿಯನ್ನು ಕಳುಹಿಸಿದರೆ 16,80,000 ಹೆಜ್ಜೆಗಳು ಕಾರಿತದ ಖಾತೆಗೆ ಬೀಳುತ್ತವೆ. ಕಳುಹಿಸಿದವನು ಮನೆಯಲ್ಲಿ ಮಲಗಿರುತ್ತಾನೆ, ಆದರೆ ಖಾತೆ ಬೆಳೆಯುತ್ತಲೇ ಇರುತ್ತದೆ. ಬಂದ ನೂರು ಮಂದಿಯಲ್ಲಿ ಎಷ್ಟು ಜನ ಜೇಡರಬಲೆಗೆ ಬಗ್ಗುತ್ತಾರೆ? ಎಷ್ಟು ಜನ ದನಗಾಹಿಯ ಮಾತಿಗೆ ನಿಲ್ಲುತ್ತಾರೆ? ಎಷ್ಟು ಜನ ಹೊರೆಗಲ್ಲಿನ ಮೇಲೆ ಹೆಸರು ಕೆತ್ತದೆ ಹೋಗುತ್ತಾರೆ? ದಾರಿಯನ್ನು ಕೊಡಬಹುದು, ನಡೆಯುವ ಎಚ್ಚರವನ್ನು ಅದರ ಜೊತೆಗೆ ಕಟ್ಟಿಕೊಡಲು ಬರುವುದಿಲ್ಲ. ಕೊಡಲೇಬೇಕೆಂದರೆ ಕೈಹಿಡಿದು ಜೊತೆಯಲ್ಲಿ ಕರೆದೊಯ್ದು ಕಲಿಸಬೇಕು.

ಹೀಗೆ ನೋಡಿದಾಗ ನಡೆಯುವವನಿಗೆ ಕೆಲವು ಕಟ್ಟಳೆಗಳು ತಾವಾಗಿಯೇ ಹೊಳೆಯುತ್ತವೆ. ಹೊರಡುವ ಮುಂಚೆ ಮನೆಯಲ್ಲಿಯೇ ದೂರದ ಮಿತಿಯನ್ನು ಗೊತ್ತುಮಾಡಿಕೊಳ್ಳುವುದು. ಅದೇ ಆ ದಿನದ ದೇಶವ್ರತ. ದಾರಿಯಲ್ಲಿ ಮಿತಿಯನ್ನು ಕಿರಿದು ಮಾಡಬಹುದು, ಹಿಗ್ಗಿಸಬಾರದು. ಕಾಡಂಚಿನ ಜನರನ್ನು ಕೇಳದೆ, ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡದಿರುವುದು. ಮುಚ್ಚಿದ ಹಾದಿಯನ್ನು ಮಚ್ಚಿನಿಂದ ತೆರೆಯದಿರುವುದು. ಕಲ್ಲಿಗೆ ಬಣ್ಣ ಬಳಿಯದಿರುವುದು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಿಯಮವಿರುವ ಶ್ರಾವಕನಿಗೆ ಮರಳುವ ಹೊತ್ತನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಕಾರ್ತಿಕದಲ್ಲಿ ಈ ಸೀಮೆಯಲ್ಲಿ ಆರು ಗಂಟೆಯ ಒಳಗೇ ಹೊತ್ತು ಮುಳುಗುತ್ತದೆ. ಮಧ್ಯಾಹ್ನಕ್ಕೆ ಎಲ್ಲಿದ್ದರೂ ಅಲ್ಲಿಂದ ಹಿಂದಿರುಗಿದರೆ ನಿಯಮವೂ ಉಳಿಯಿತು, ಜೀವವೂ ಉಳಿಯಿತು.

ಬಿಟ್ಟದ್ದನ್ನು ಬಿಡುವುದು

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹಾಳುಬಿದ್ದ ಹಾದಿ ಮನುಷ್ಯನ ದೃಷ್ಟಿಯಲ್ಲಿ ಮಾತ್ರ ಹಾಳುಬಿದ್ದದ್ದು. ಅಲ್ಲಿ ಒಕ್ಕಲಾದ ಜೀವಗಳ ದೃಷ್ಟಿಯಲ್ಲಿ ಅದು ತುಂಬಿದ ಮನೆ. ಮನುಷ್ಯನು ಅದನ್ನು ದಾನವಾಗಿ ಕೊಡಲಿಲ್ಲ ನಿಜ. ಬಸ್ಸು ಬಂದಿತೆಂದು, ಸಂತೆ ನಿಂತಿತೆಂದು, ಕಾಯಿದೆ ಬಂದಿತೆಂದು ಬಿಟ್ಟುಹೋದನು. ಅನೇಕ ವೇಳೆ ಕೈತಪ್ಪಿ ಹೋದದ್ದನ್ನೇ ಮನಃಪೂರ್ವಕವಾಗಿ ಬಿಟ್ಟುಕೊಡುವುದು ತ್ಯಾಗಕ್ಕೆ ಮೊದಲ ಮೆಟ್ಟಿಲಾಗುತ್ತದೆ. ತಾತನ ಕಾಲದ ಬಂಡಿ ಇಲ್ಲಿ ಓಡಾಡಿತ್ತು ಎಂಬ ನೆನಪು ಒಳ್ಳೆಯದು. ಆ ನೆನಪನ್ನು ಹಕ್ಕುಪತ್ರವಾಗಿ ಮಾಡಿಕೊಳ್ಳುವುದು ಪರಿಗ್ರಹ.

ಮಾರಿದ ಮನೆಗೆ ಹಳೆಯ ಯಜಮಾನನು ಎಂದಾದರೂ ಹೋಗುವುದುಂಟು. ಹಾಗೆ ಹೋದವನು ಬೀಗ ಒಡೆದು ಒಳಗೆ ನುಗ್ಗುವುದಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಾನೆ. ಒಳಗಿನವರು ಬನ್ನಿ ಎಂದರೆ ಜಗಲಿಯ ಮೇಲೆ ಕುಳಿತು, ತನ್ನ ತಾಯಿ ನೆಟ್ಟ ಗಿಡ ಎಷ್ಟೆತ್ತರ ಬೆಳೆದಿದೆಯೆಂದು ನೋಡಿ, ಕೊಟ್ಟ ನೀರು ಕುಡಿದು, ಕತ್ತಲಾಗುವುದರೊಳಗೆ ಎದ್ದು ಬರುತ್ತಾನೆ. ಮಗು ಮಲಗಿದೆ, ಈಗ ಬೇಡ ಎಂದರೆ ಬೇಸರಪಡದೆ ಹಿಂದಿರುಗುತ್ತಾನೆ. ಶರದೃತುವಿನ ಒಂದು ದಿನ ಮಾಸಿದ ಹಾದಿಯನ್ನು ಹುಡುಕಿ ಹೊರಡುವವನು ಇಷ್ಟು ಮರ್ಯಾದೆಯನ್ನು ಕಾಪಾಡಿಕೊಂಡರೆ ಅವನ ನಡಿಗೆ ಸಾರ್ಥಕ; ಇಲ್ಲವಾದರೆ ಅನರ್ಥ. ಅರ್ಥ-ಅನರ್ಥಗಳ ಗಡಿ ಇರುವುದು ನಕ್ಷೆಯಲ್ಲಲ್ಲ, ಕಾಲಿನ ಮುಂದಿನ ನಾಲ್ಕು ಮೊಳ ನೆಲದಲ್ಲಿ.

ಸಕಲ ಜೀವಿಗಳಿಗೂ ಕ್ಷೇಮವಾಗಲಿ. ಜೈ ಜಿನೇಂದ್ರ.